ಕೀ ಕಾರಿನೊಳಗೇ ಉಳಿದರೆ: ಬಾಗಿಲು ಕೆಡಿಸದೆ ತೆರೆಯುವ ಬಗೆ

ಕಳೆದ ವಾರ ನನ್ನ ಗ್ಯಾರೇಜಿಗೆ ಬಂದ ಕಾರೊಂದರ ಬಾಗಿಲಿನ ಮೇಲಂಚು ಬೆರಳು ತೂರುವಷ್ಟು ಹೊರಕ್ಕೆ ಬಾಗಿತ್ತು. ಕಲ್ಯಾಣ ಮಂಟಪದ ಎದುರು ಕೀ ಒಳಗೇ ಉಳಿದಿದೆ. ನೆಂಟರೆಲ್ಲ ಸೇರಿ ಸ್ಕ್ರೂಡ್ರೈವರ್ ತುರುಕಿ ಮೀಟಿದ್ದಾರೆ. ಬಾಗಿಲೇನೋ ತೆರೆಯಿತು, ಈಗ ಮಳೆ ಬಂದರೆ ಸೀಟು ತೋಯುತ್ತದೆ. ಇಂಥ ಬಾಗಿಲುಗಳನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಮಗು ಸಿಕ್ಕಿಕೊಂಡಿದ್ದರೆ ಬಾಗಿಲಿನ ಚಿಂತೆ ಬಿಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರಬಹುದು. ಒಬ್ಬರು 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಮಗುವಿನಿಂದ ದೂರದ ಪಕ್ಕದ ಗಾಜನ್ನು ಒಡೆಯಲಿ. ಏಟು ಗಾಜಿನ ನಡುವೆ ಅಲ್ಲ, ಮೂಲೆಗೆ ಬೀಳಬೇಕು. ಮುಂದಿನ ಗಾಜಿನ ತಂಟೆ ಬೇಡ. ಅದರ ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಬಿರುಕು ಬಿಟ್ಟರೂ ಉದುರುವುದಿಲ್ಲ.

ಅಂಥ ಆತುರ ಇಲ್ಲದಿದ್ದರೆ, ಮೊದಲು ಎಲ್ಲ ಬಾಗಿಲುಗಳನ್ನೂ ಡಿಕ್ಕಿಯನ್ನೂ ಎಳೆದು ನೋಡಿ. ಆಮೇಲೆ ಮನೆಯಿಂದ ಎರಡನೇ ಕೀ ತರಿಸಿ. ಎರಡು ಗಂಟೆ ಕಾಯಬೇಕಾದರೂ ಇದೇ ಲೇಸು.

ರಿಮೋಟ್ ಕೈಯಲ್ಲೇ ಇದ್ದು ಕೆಲಸ ಮಾಡದಿದ್ದರೆ ಅದರ ಸೆಲ್ ಮುಗಿದಿರಬಹುದು. ಅನೇಕ ರಿಮೋಟ್‌ಗಳ ಒಳಗೆ ಲೋಹದ ಕೀ ಅಡಗಿರುತ್ತದೆ. ಬಾಗಿಲಿನ ಕೀಲಿ ರಂಧ್ರ ಕಾಣದಿದ್ದರೆ ಹಿಡಿಕೆಯ ಪಕ್ಕದ ಪುಟ್ಟ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದು ನೋಡಿ.

ಎರಡನೇ ಕೀ ದೂರದ ಊರಿನಲ್ಲಿದ್ದರೆ ಕೀ ಮಾಡುವವರನ್ನೋ ವಿಮೆಯವರ ರಸ್ತೆಬದಿ ನೆರವನ್ನೋ ಕರೆಯಿರಿ. ದೂರವಾಣಿ ಸಂಖ್ಯೆಯನ್ನು ಪಾಲಿಸಿಯಿಂದಲೇ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದರೆ ನಕಲಿ ಸಂಖ್ಯೆಗಳೂ ಸಿಗುತ್ತವೆ. ಕಾರು ನಿಮ್ಮದೆಂದು ತೋರಿಸಲು ಡಿಜಿಲಾಕರ್‌ನಲ್ಲಿರುವ ಆರ್‌ಸಿ ಸಾಕು.

ಯಾರೂ ಸಿಗದೆ ನೀವೇ ತೆರೆಯಬೇಕಾಗಿ ಬಂದರೆ, ಎಲ್ಲರೂ ಕೆಡಿಸುವ ಹಂತ ಇದೇ. ಸ್ಟೀಲ್ ಸ್ಕೇಲನ್ನು ಗಾಜು ಮತ್ತು ರಬ್ಬರ್ ನಡುವೆ ಇಳಿಸುವ ವಿದ್ಯೆ ಮಾರುತಿ 800ರ ಕಾಲದ್ದು. ಇಂದಿನ ಬಾಗಿಲಿನೊಳಗೆ ವೈರುಗಳ ಜಾಲವೇ ಇದೆ. ಸ್ಕೇಲ್ ಅದನ್ನು ಹರಿಯುತ್ತದೆ. ಮುಖ್ಯವಾಗಿ ಬೇಕಾದದ್ದು ಎರಡು ವಸ್ತು: ರಕ್ತದೊತ್ತಡ ನೋಡುವ ಪಟ್ಟಿಯಂತೆ ಅದುಮಿದರೆ ಉಬ್ಬುವ ಗಾಳಿ ಚೀಲ, ತುದಿಗೆ ರಬ್ಬರ್ ಇರುವ ಉದ್ದನೆಯ ಕಂಬಿ. ಆನ್‌ಲೈನ್‌ನಲ್ಲಿ ಸಿಗುವ ಕೆಲವು ಅಗ್ಗದ ಸೆಟ್‌ಗಳ ಕಂಬಿಗೆ ರಬ್ಬರೇ ಇರುವುದಿಲ್ಲ, ಅದು ಬಣ್ಣ ಕೆರೆಯುತ್ತದೆ.

ಎಡಬದಿಯ ಮುಂದಿನ ಬಾಗಿಲನ್ನೇ ಆರಿಸಿಕೊಳ್ಳಿ. ಅಲ್ಲಿಂದ ಚಾಲಕನ ಬಾಗಿಲಿನ ಗುಂಡಿಗಳು ನೇರವಾಗಿ ಕಾಣುತ್ತವೆ. ಹಿಂಜಿನಿಂದ (ಬಾಗಿಲು ತಿರುಗುವ ಕೀಲಿನಿಂದ) ದೂರದ ಮೇಲಿನ ಮೂಲೆಗೆ ದಪ್ಪ ಬಟ್ಟೆ ಇಟ್ಟು, ಪ್ಲಾಸ್ಟಿಕ್ ಬೆಣೆಯಿಂದ ಸ್ವಲ್ಪವೇ ಸಂದು ಮಾಡಿ ಚೀಲವನ್ನು ಒಳಸೇರಿಸಿ. ಒಮ್ಮೆ ಅದುಮಿ, ನೋಡಿ, ಮತ್ತೆ ಅದುಮಿ. ಕಂಬಿ ಸರಾಗವಾಗಿ ಹೋಗುವಷ್ಟು, ಅಂದರೆ ಕಿರುಬೆರಳಿಗಿಂತ ಕಡಿಮೆ ಸಂದು ಸಿಕ್ಕಿದ ಕೂಡಲೇ ನಿಲ್ಲಿಸಿ. ಇನ್ನಷ್ಟು ಉಬ್ಬಿಸಿದರೆ ಚೌಕಟ್ಟು ಮರಳಿ ಕೂರುವುದಿಲ್ಲ, ಗಾಜು ಸಿಡಿದರೂ ಸಿಡಿಯಬಹುದು.

ಇನ್ನೊಬ್ಬರು ಎದುರು ಕಿಟಕಿಯಲ್ಲಿ ಟಾರ್ಚ್ ಹಿಡಿದು ದಾರಿ ಹೇಳಲಿ. ರಿಮೋಟ್ ಸೀಟಿನ ಮೇಲೇ ಬಿದ್ದಿದ್ದರೆ ಕಂಬಿಯ ತುದಿಯಿಂದ ಅದರ ಗುಂಡಿ ಒತ್ತಲು ನೋಡಿ, ಅದಕ್ಕಿಂತ ಸುಲಭದ ದಾರಿಯಿಲ್ಲ. ಇಲ್ಲವಾದರೆ ಚಾಲಕನ ಬಾಗಿಲಿನ ಲಾಕ್ ಗುಂಡಿ. ಅದೂ ಕೇಳದಿದ್ದರೆ ಒಳಗಿನ ಹಿಡಿಕೆಗೆ ಕಂಬಿಯಿಂದ ಕೊಕ್ಕೆ ಹಾಕಿ ಎಳೆಯಿರಿ. ಅಲಾರಂ ಕೂಗಿದರೆ ಗಾಬರಿಯಾಗಿ ಕಂಬಿಯನ್ನು ಜಗ್ಗಬೇಡಿ.

ಬಾಗಿಲು ತೆರೆದ ಮೇಲೆ ಮೊದಲು ಚೀಲದ ಗಾಳಿ ಬಿಟ್ಟು, ನಂತರವೇ ಅದನ್ನು ಹೊರತೆಗೆಯಿರಿ. ಮನೆಗೆ ಹೋದ ಮೇಲೆ ಬಾಗಿಲು ಹಾಕಿ, ಆ ಮೂಲೆಯ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಒಳಗೆ ಹನಿ ಕಂಡರೆ ರಬ್ಬರನ್ನು ಒತ್ತಿ ಕೂರಿಸಿ. ಆಗಲೂ ನೀರು ನಿಲ್ಲದಿದ್ದರೆ ಗ್ಯಾರೇಜಿಗೆ ತನ್ನಿ.