ನನ್ನ ಪಾಯಿಂಟ್ 22ಕ್ಕೆ ಸ್ಕೋಪ್ ಹೊಂದಿದ್ದು ಮೂರನೇ ಸಲಕ್ಕೆ

ಹೋದ ಡಿಸೆಂಬರ್‌ನಲ್ಲಿ, ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದ ನನ್ನ ಪಾಯಿಂಟ್ 22 ಎಂಬ ಸಣ್ಣ ಗುಂಡಿನ ರೈಫಲ್‌ನಿಂದ 50 ಮೀಟರ್‌ಗೆ ಐದು ಗುಂಡು ಹೊಡೆದು, ಕಾಗದ ತಂದು ಮೇಜಿನ ಮೇಲಿಟ್ಟೆ. ಐದೂ ತೂತು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋದವು. ಬೆಳಗಾವಿಯ ನಮ್ಮ ಕ್ಲಬ್ಬಿನಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. “ಮಾಸ್ತರ, ಇಷ್ಟ ಸಣ್ಣ ರೈಫಲ್‌ಗೆ ದುರ್ಬೀನ್ ಯಾಕ್ರಿ? ಸುಮ್ನ ರೊಕ್ಕ ಹಾಳು” ಅಂತ ಎರಡು ವರ್ಷ ಹೇಳಿದವರು. ಅವತ್ತು ನಾಣ್ಯ ಎತ್ತಿ, ಮತ್ತೆ ಇಟ್ಟು, ಇನ್ನೊಮ್ಮೆ ಎತ್ತಿ ನೋಡಿದರು.

ಸ್ಪರ್ಧೆಯ ಪ್ರೋನ್‌ಗೆ, ಅಂದರೆ ಬೋರಲು ಮಲಗಿ ಹೊಡೆಯುವುದಕ್ಕೆ, ಸ್ಕೋಪ್ ಹಾಕುವಂತಿಲ್ಲ, ನಿಮಗೆ ಗೊತ್ತೇ ಇದೆ. ನಾನು ಹೇಳುತ್ತಿರುವುದು ಮೇಜಿನ ಮೇಲೆ ಮರಳು ಚೀಲ ಇಟ್ಟು ಹೊಡೆಯುವ ಮಾತು. ಐವತ್ತು ದಾಟಿದ ಕಣ್ಣಿಗೆ ಮುಂದಿನ ಸೈಟ್ (ನಳಿಗೆ ತುದಿಯ ಗುರಿಗುರುತು) ಮಸುಕಾಗುತ್ತದೆ, ಅದಕ್ಕೇ ಸ್ಕೋಪ್ ಬೇಕಾಯಿತು.

ಮೊದಲು ತಂದದ್ದು 3-9x40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿಮೀ ಇರುವ ಸ್ಕೋಪ್. ಆರೂವರೆ ಸಾವಿರ ಇರಬೇಕು. ಗಾಜು ಚೆನ್ನಾಗಿತ್ತು, ಗುರಿ ಸರಿಸುವ ತಿರುಪಿನ ಕ್ಲಿಕ್ ಗಟ್ಟಿಯಾಗಿದ್ದವು. ಆದರೂ ಗ್ರೂಪ್, ಅಂದರೆ ಐದು ತೂತುಗಳ ಹರವು, 35 ಮಿಲಿಮೀಟರ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಗುಂಡು ಬದಲಿಸಿದೆ, ಸ್ಕೋಪ್ ಹಿಡಿಯುವ ರಿಂಗು ಬಿಚ್ಚಿ ಕಟ್ಟಿದೆ. ಒಂದು ಗುಂಡಿಗೆ ಹದಿನೆಂಟೋ ಇಪ್ಪತ್ತೋ ರೂಪಾಯಿ ಲೆಕ್ಕದಲ್ಲಿ ಆರೇಳು ಸಾವಿರದ ಗುಂಡು ಹೋಯಿತು. ಅಂದರೆ ಸ್ಕೋಪಿನಷ್ಟೇ ದುಡ್ಡು.

ಕೊನೆಗೊಂದು ಭಾನುವಾರ ರೈಫಲ್ ಚೀಲದ ಮೇಲೆ ಬಿಟ್ಟು, ಕೈ ಹಚ್ಚದೆ, ತಲೆ ಮಾತ್ರ ಎಡಕ್ಕೆ ಬಲಕ್ಕೆ ಆಡಿಸಿ ನೋಡಿದೆ. ಕ್ರಾಸ್‌ಹೇರ್ (ಸ್ಕೋಪಿನೊಳಗಿನ ಗುರಿಗೆರೆ) ಕಾಗದದ ಹತ್ತು ಅಂಕದ ಉಂಗುರದಿಂದ ಆಚೆ ಹೋಗಿ ಈಚೆ ಬರುತ್ತಿತ್ತು. ಪ್ಯಾರಲಾಕ್ಸ್! ಕಣ್ಣು ಸರಿದರೆ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷ ಅದು; ಸ್ಕೋಪ್ ಹೊಂದಿಸಿದ ದೂರದಲ್ಲಿ ಮಾತ್ರ ಇರುವುದಿಲ್ಲ. ಆ ಸ್ಕೋಪ್ ದೊಡ್ಡ ರೈಫಲ್‌ಗೆ ಮಾಡಿದ್ದು, 100 ಗಜಕ್ಕೆ ಹೊಂದಿಸಿದ್ದು. ಲೆಕ್ಕ ಹಾಕಿದರೆ 40 ಮಿಮೀ ಗಾಜಿಗೆ 50 ಮೀಟರ್‌ನಲ್ಲಿ ಒಂದೊಂದು ಕಡೆಗೆ 9 ಮಿಮೀವರೆಗೆ ತಪ್ಪು ಬರುತ್ತದೆ. ನಮ್ಮ ಕಾಗದದ ಹತ್ತರ ಉಂಗುರವೇ 10.4 ಮಿಮೀ. ಕೆನ್ನೆ ಸ್ವಲ್ಪ ಸರಿದರೂ ಹತ್ತು ಹೋಗಿ ಒಂಬತ್ತು.

ಇಲ್ಲೊಂದು ಪ್ರಯೋಗ ಮಾಡಿದೆ. ಕುಂದಾ ಡಬ್ಬಿಯ ರಟ್ಟನ್ನು ದುಂಡಗೆ ಕತ್ತರಿಸಿ, ನಡುವೆ 20 ಮಿಮೀ ತೂತು ಮಾಡಿ, ಮುಂದಿನ ಗಾಜಿಗೆ ಕೂಡಿಸಿದೆ. ತಪ್ಪು ಅರ್ಧಕ್ಕೆ ಇಳಿಯಿತು, ಗ್ರೂಪ್ 25ರ ಹತ್ತಿರ ಬಂತು. ಖರ್ಚು ಸೊನ್ನೆ. ಆದರೆ ಸಂಜೆ ಐದರ ಮೇಲೆ ಏನೂ ಕಾಣುವುದಿಲ್ಲ.

ಆಮೇಲೆ ಧೈರ್ಯ ಮಾಡಿ ಮುಂದಿನ ಗಾಜಿನ ಲಾಕ್ ರಿಂಗ್ ಸಡಿಲಿಸಿ, ಗಾಜನ್ನು ಅಷ್ಟಷ್ಟೇ ತಿರುಗಿಸಿ 50 ಮೀಟರ್‌ಗೆ ತಂದೆ. ಕೆಲಸ ಮಾಡಿತು! ಗ್ರೂಪ್ 18ಕ್ಕೆ ಬಂತು. ಎಷ್ಟು ತಿರುಗಿಸಿದೆ, ಏನು ಹಚ್ಚಿ ಬಿಗಿದೆ ಅನ್ನುವುದು ನನ್ನಲ್ಲೇ ಇರಲಿ. ಆದರೆ ಬಿಚ್ಚಿದಾಗ, ಮಂಜು ಕಟ್ಟದಂತೆ ಒಳಗೆ ತುಂಬಿದ್ದ ನೈಟ್ರೋಜನ್ ಹೋಯಿತಲ್ಲ. ಜೂನ್ ಮಳೆ ಹಿಡಿದದ್ದೇ ತಡ, ಗಾಜಿನ ಒಳಗೇ ಮಂಜು. ಹೊರಗೆ ಎಷ್ಟು ಒರೆಸಿದರೇನು? ಬೆಳಗಾವಿ ಮಳೆ ನಿಮಗೆ ಗೊತ್ತು, ಸೆಪ್ಟೆಂಬರ್‌ವರೆಗೆ ಅದು ಆರಲಿಲ್ಲ.

ಎರಡನೆಯದು 6-24x50. ಹದಿನಾಲ್ಕು ಸಾವಿರ. ಜಾಸ್ತಿ ಪವರ್ ಇದ್ದರೆ ಜಾಸ್ತಿ ಒಳ್ಳೆಯದು ಅಂದುಕೊಂಡಿದ್ದೆ. ದೊಡ್ಡ ಗಾಜಿಗೆ ಎತ್ತರದ ರಿಂಗು ಬೇಕಾಯಿತು, ಕೆನ್ನೆ ಸ್ಟಾಕ್ (ರೈಫಲ್‌ನ ಹಿಂಬದಿ) ಬಿಟ್ಟು ಗಾಳಿಯಲ್ಲಿ ನಿಂತಿತು. ತೂಕವೂ ವಿಪರೀತ. ಮಾರ್ಚ್ ಬಂದ ಮೇಲೆ ಪವರ್ 15ರ ಆಚೆ ತಿರುಗಿಸಿದರೆ ಬಿಸಿಲಿನ ಅಲೆಯಲ್ಲಿ ಕರಿ ಚುಕ್ಕೆ ಕುದಿಯುತ್ತಿತ್ತು. ಒಂಬತ್ತು ಸಾವಿರಕ್ಕೆ ಮಾರಿದೆ.

ಮೂರನೇ ಸಲ ದುಡ್ಡು ಕೊಡುವ ಮೊದಲೇ ಪರೀಕ್ಷೆ ಮಾಡಬೇಕು ಅಂತ ಹಟ ಹಿಡಿದೆ. ಅದಕ್ಕೆ ರೈಫಲ್ ಬೇಕಿಲ್ಲ. ಬೂಟಿನ ರಟ್ಟಿನ ಡಬ್ಬಿಯ ಎರಡು ಬದಿಗೆ ವಿ ಆಕಾರದಲ್ಲಿ ಕಚ್ಚು ಹಾಕಿ, ಒಳಗೆ ಒಂದು ಇಟ್ಟಿಗೆ ಇಟ್ಟುಕೊಂಡು ಹೋದೆ. ಒಬ್ಬ ಅಂಗಡಿಯವರು “ತಗೊಂಡು ಹೋಗಿ ನೋಡ್ಕೊಳ್ರಿ” ಅಂದರು, ಎದ್ದು ಬಂದೆ. ಇನ್ನೊಬ್ಬರು ಒಪ್ಪಿದರು. ಅಂಗಡಿ ಮುಂದಿನ ರಸ್ತೆಯಲ್ಲಿ 50 ಮೀಟರ್ ಹೆಜ್ಜೆ ಹಾಕಿ ಅಳೆದು, ಒಂದು ಕಂಬದ ನಂಬರ್ ತಗಡಿಗೆ ಸ್ಕೋಪ್ ಗುರಿ ಮಾಡಿ, ಡಬ್ಬಿ ಮುಟ್ಟದೆ ತಲೆ ಆಡಿಸಿದೆ. ನಾಲ್ಕು ಸ್ಕೋಪಿನಲ್ಲಿ ಮೂರರ ಗೆರೆ ಅಂಕಿಯ ಮೇಲೆ ಓಡಾಡಿತು. ಒಂದು ಮಾತ್ರ, 4-12x40, ಮುಂದಿನ ಗಾಜಿನ ಉಂಗುರ ತಿರುಗಿಸಿದಂತೆ ಓಡಾಟ ಕಡಿಮೆಯಾಗುತ್ತ ಬಂದು, ಕೊನೆಗೆ 5ರ ಹೊಟ್ಟೆಯ ಮೇಲೆ ಅಲ್ಲಾಡದೆ ನಿಂತಿತು. ಹನ್ನೊಂದು ಸಾವಿರ ಎಣಿಸಿ ಕೊಟ್ಟೆ.

ನನ್ನ ರೈಫಲ್ ಮೇಲಿರುವುದು 11 ಮಿಮೀ ಡವ್‌ಟೇಲ್, ಅಂದರೆ ರಿಂಗು ಕಚ್ಚಿಕೊಳ್ಳುವ ಓರೆ ಅಂಚಿನ ಹಳಿ. ಸಿಕ್ಕ ರಿಂಗು ಒಂದು ಬದಿ ಸಡಿಲ ಇದ್ದವು. ಉದ್ಯಮಬಾಗದಲ್ಲಿ ಲೇತ್ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಳಬದಿ ತೀಡಿ ಕೂಡಿಸಿಕೊಟ್ಟ. “ಸರ, ನಿಮ್ಮ ಹತ್ರ ರೊಕ್ಕ ತಗೋತೀನೇನ್ರಿ?” ಅಂದ. ಅವನ ಮಗನ ಕೈಗೆ ಇನ್ನೂರು ಕೊಟ್ಟು ಬಂದೆ.

ಟರೆಟ್‌ಗೂ, ಅಂದರೆ ಗುರಿ ಸರಿಸುವ ತಿರುಪಿಗೂ, ಪರೀಕ್ಷೆ ಕೊಟ್ಟೆ. ಮೊದಲು ಒಂದು ಗುಂಡು, ಆಮೇಲೆ ತಿರುಗಿಸಿದಾಗೆಲ್ಲ ಒಂದೊಂದು: 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 50 ಮೀಟರ್‌ನಲ್ಲಿ ಸುಮಾರು 3.6 ಮಿಮೀ, ಹಾಗಾಗಿ 7 ಸೆಂಟಿಮೀಟರ್‌ನ ಚೌಕ ಬರಬೇಕು. ಬಂತು, ಕೊನೆಯ ಗುಂಡು ಮೊದಲನೆಯದರ ತೂತಿಗೇ ಅಂಟಿಕೊಂಡಿತು. ಈಗ ಗ್ರೂಪ್ 14, 15. ಗಾಳಿ ಇಲ್ಲದ ಮುಂಜಾನೆ ಒಮ್ಮೆ 11 ಕೂಡ ಬಂದಿದೆ, ಆ ಕಾಗದ ಇಟ್ಟುಕೊಂಡಿದ್ದೇನೆ.

ಮುಂದಿನ ಗಾಜಿನ ಉಂಗುರದ ಮೇಲೆ ಕಂಪನಿ ಬರೆದ 50 ನೋಡಿ ನಿಲ್ಲಿಸಬೇಡಿ, ಅದು ಗಜ. ನಮ್ಮ 50 ಮೀಟರ್ ಅಂದರೆ 55 ಗಜ, ಕೂದಲೆಳೆ ಮುಂದೆ ಬರುತ್ತದೆ. ತಲೆ ಆಡಿಸಿ ಆ ಜಾಗ ಹುಡುಕಿ, ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದಿದ್ದೇನೆ. 25 ಮೀಟರ್‌ಗೆ ಗುಲಾಬಿ. ಸುಬೇದಾರ್ ಸಾಹೇಬರು ಹೋದ ವಾರ ಡಬ್ಬಿ ಕೇಳಿ ಒಯ್ದರು. ಇಟ್ಟಿಗೆ ಮಾತ್ರ ನನ್ನ ಸ್ಕೂಟರ್‌ನಲ್ಲೇ ಉಳಿದಿದೆ.