ನೆರೋಲಿಗೆ ದುಡ್ಡು ಹಾಕೋದಾ, ಕಿತ್ತಳೆ ಹೂವಿನ ಅಬ್ಸಲ್ಯೂಟ್‌ಗಾ?

ಎರಡೂ ಕಿತ್ತಳೆ ಹೂವಿನಿಂದ ತೆಗೆಯುವ ಸೆಂಟಿನ ಸಾರ: ನೆರೋಲಿ ಹೂವು ಬೇಯಿಸಿ ಇಳಿಸಿದ ಎಣ್ಣೆ, ಅಬ್ಸಲ್ಯೂಟ್ ದ್ರಾವಕದಲ್ಲಿ ತೆಗೆದದ್ದು. ನಾನು ಮೊದಲು ಕೊಂಡ ‘ನೆರೋಲಿ’ 10 ಎಂಎಲ್ ಬಾಟಲಿ, ಬೆಲೆ 399 ರೂಪಾಯಿ. ಆನ್‌ಲೈನ್‌ನಲ್ಲಿ ತರಿಸಿದ್ದೆ. ಲೇಬಲ್ ಮೇಲೆ ಬಿಳಿ ಹೂವಿನ ಚಿತ್ರ, ಕೆಳಗೆ ‘ನೂರಕ್ಕೆ ನೂರು ಶುದ್ಧ’ ಅಂತ ಬರಹ. ಮುಚ್ಚಳ ತೆಗೆದರೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಘಾಟು, ಅದರ ಹಿಂದೆಯೇ ನೆಲ ಒರೆಸುವ ಲಿಕ್ವಿಡ್‌ನ ಥರ ಒಂದು ಸಿಹಿ. ಹತ್ತು ನಿಮಿಷ ಬಿಟ್ಟು ಮೂಸಿದರೂ ಅದೇ, ಎರಡು ಗಂಟೆ ಬಿಟ್ಟು ಮೂಸಿದರೂ ಅದೇ. ನೆರೋಲಿ ಅಂದರೆ ಇಷ್ಟೇನಾ ಅಂತ ಬೇಜಾರಾಯಿತು. ಆರು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಸುಮಾರು 1 ಟನ್ ಹೂವು ಬೇಯಿಸಿದರೆ 1 ಕೆಜಿ ನೆರೋಲಿ ಎಣ್ಣೆ ಬರುತ್ತದೆ. ಅಂದರೆ 1 ಎಂಎಲ್‌ಗೆ ಹೆಚ್ಚುಕಡಿಮೆ 1 ಕೆಜಿ ಹೂವು. ಅದೂ ಕೈಯಲ್ಲಿ ಬಿಡಿಸಿದ್ದು. ನಮ್ಮ ಕೆ.ಆರ್. ಮಾರ್ಕೆಟ್ಟಿನಲ್ಲಿ ಹಬ್ಬದ ದಿನ 1 ಕೆಜಿ ಮಲ್ಲಿಗೆಗೆ ಸಾವಿರ ರೂಪಾಯಿ ದಾಟುತ್ತದೆ. ಹಾಗಿರುವಾಗ 10 ಕೆಜಿ ಹೂವಿನ ಎಣ್ಣೆ 399 ರೂಪಾಯಿಗೆ ಹೇಗೆ ಬರಬೇಕು? ಈ ಲೆಕ್ಕ ಕೊಳ್ಳುವ ಮುಂಚೆ ಹಾಕಬೇಕಿತ್ತು. ಈಗ ಯಾರಾದರೂ ನೆರೋಲಿ ಕೊಳ್ಳುತ್ತೇನೆ ಅಂದರೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ಶನಿವಾರ ಭಾನುವಾರ ಮನೆಯಲ್ಲೇ ಸಣ್ಣ ಪ್ರಮಾಣದಲ್ಲಿ ಸೆಂಟು ಮಾಡುತ್ತೇನೆ. ಊರು ಮೂಡಿಗೆರೆ ಕಡೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ಕೆಲವೇ ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತಲ್ವಾ, ಆ ಕಾಫಿ ಹೂವಿನ ಘಮ ನನಗೆ ಬಾಟಲಿಯಲ್ಲಿ ಬೇಕಿತ್ತು. ಅದು ಸಿಗುವುದಿಲ್ಲ. ಹುಡುಕುತ್ತಾ ಹುಡುಕುತ್ತಾ ಅದಕ್ಕೆ ಹತ್ತಿರ ಅನಿಸಿದ್ದು ಕಿತ್ತಳೆ ಹೂವು.

ಇದು ನಾವು ಸುಲಿದು ತಿನ್ನುವ ಕೊಡಗಿನ ಕಿತ್ತಳೆಯ ಹೂವಲ್ಲ. ಕಹಿ ಕಿತ್ತಳೆ ಅಂತ ಬೇರೆ ಗಿಡ. ಟುನೀಶಿಯಾದ ನಾಬೆಲ್ ಊರು ಈ ಹೂವಿಗೆ ಹೆಸರುವಾಸಿ. ಮೊರಾಕೊ, ಈಜಿಪ್ಟಿನಲ್ಲೂ ಬೆಳೆಯುತ್ತಾರೆ. ನಾಬೆಲ್‌ನಲ್ಲಿ ಮಾರ್ಚ್-ಏಪ್ರಿಲ್ ಬಂತೆಂದರೆ ಮರದ ಕೆಳಗೆ ಬಟ್ಟೆ ಹಾಸಿ ಹೂವು ಬಿಡಿಸುತ್ತಾರೆ. ಮನೆಮನೆಯಲ್ಲೂ ಹೂವಿನ ನೀರು ಇಳಿಸಿ ವರ್ಷಕ್ಕಾಗುವಷ್ಟು ಬಾಟಲಿ ತುಂಬಿಡುವ ರೂಢಿ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಉಪ್ಪಿನಕಾಯಿ ಹಾಕಿಟ್ಟ ಹಾಗೆ.

ಗೊಂದಲ ಎಲ್ಲಿ ಶುರುವಾಗುತ್ತದೆ ಅಂದರೆ, ಒಂದೇ ಹೂವಿನಿಂದ ಮೂರು ಬೇರೆ ಬೇರೆ ವಸ್ತು ಬರುತ್ತವೆ. ಹೂವನ್ನು ನೀರಿನ ಜೊತೆ ಬೇಯಿಸಿ ಹಬೆ ತಣಿಸಿದರೆ ಮೇಲೆ ತೇಲುವ ಎಣ್ಣೆ ನೆರೋಲಿ. ಕೆಳಗೆ ಉಳಿಯುವ ನೀರು ಕಿತ್ತಳೆ ಹೂವಿನ ನೀರು. ಬೇಯಿಸದೆ, ಹೆಕ್ಸೇನ್‌ನಂಥ ದ್ರಾವಕದಲ್ಲಿ ಹೂವು ನೆನೆಸಿ ಮೇಣದಂಥ ಮುದ್ದೆ ತೆಗೆದು, ಅದನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಪಡೆಯುವುದು ಅಬ್ಸಲ್ಯೂಟ್. ಸೆಂಟಿನವರು ‘ಆರೆಂಜ್ ಬ್ಲಾಸಮ್’ ಅನ್ನುವಾಗ ಸಾಮಾನ್ಯವಾಗಿ ಈ ಅಬ್ಸಲ್ಯೂಟ್‌ನ ಪರಿಮಳದ ಕಡೆ ಬೆರಳು ತೋರಿಸುತ್ತಾರೆ. ಇನ್ನು ಅದೇ ಗಿಡದ ಎಲೆ, ಎಳೆ ಕಡ್ಡಿ ಬೇಯಿಸಿದರೆ ಪೆಟಿಗ್ರೇನ್. ಇದು ಪರಾಗ್ವೆಯಿಂದ ಜಾಸ್ತಿ ಬರುತ್ತದೆ, ತುಂಬಾ ಅಗ್ಗ. ನೆರೋಲಿ ಅನ್ನುವ ಹೆಸರು ಇಟಲಿಯ ನೆರೋಲಾ ಊರಿನದ್ದು. 17ನೇ ಶತಮಾನದಲ್ಲಿ ಅಲ್ಲಿನ ರಾಜಕುಮಾರಿ ತನ್ನ ಕೈಗವಸಿಗೆ ಈ ಎಣ್ಣೆ ಹಚ್ಚಿಸುತ್ತಿದ್ದಳಂತೆ.

ಎರಡನೇ ಸಲ ಹುಷಾರಾಗಿ ಕೊಂಡೆ. ಟುನೀಶಿಯಾದ ನೆರೋಲಿ 1 ಎಂಎಲ್, 780 ರೂಪಾಯಿ. ಮೊರಾಕೊದ ಅಬ್ಸಲ್ಯೂಟ್ 1 ಗ್ರಾಂ, 690 ರೂಪಾಯಿ. ಪೆಟಿಗ್ರೇನ್ 10 ಎಂಎಲ್, 420 ರೂಪಾಯಿ. ಶಾರ್ಜಾದಲ್ಲಿರುವ ಗೆಳತಿ ಊರಿಗೆ ಬರುವಾಗ ಲೆಬನಾನ್‌ನವರು ಅಡುಗೆಗೆ ಬಳಸುವ ಹೂವಿನ ನೀರಿನ ಬಾಟಲಿ ತಂದುಕೊಟ್ಟಳು. ಬಿಸಿ ನೀರಿಗೆ ಇದನ್ನು ಒಂದು ಚಮಚ ಹಾಕಿದರೆ ಅವರ ‘ಬಿಳಿ ಕಾಫಿ’. ಅದರಲ್ಲಿ ಕಾಫಿ ಇರುವುದೇ ಇಲ್ಲ. ಊಟ ಆದಮೇಲೆ ಕುಡಿಯಲು ತುಂಬಾ ಹಿತ.

ಎಣ್ಣೆ ಮೂರನ್ನೂ ಹತ್ತರಲ್ಲಿ ಒಂದು ಪಾಲಿನಂತೆ ಆಲ್ಕೋಹಾಲ್‌ನಲ್ಲಿ ತೆಳು ಮಾಡಿದೆ. ಡ್ರಾಯಿಂಗ್ ಹಾಳೆಯನ್ನು ಬೆರಳಗಲ ಪಟ್ಟಿ ಕತ್ತರಿಸಿ, ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಒಂದೊಂದು ಹನಿ ಹಾಕಿದೆ. 399ರ ಬಾಟಲಿಯನ್ನೂ ಬಿಡಲಿಲ್ಲ, ಅದಕ್ಕೂ ಒಂದು ಪಟ್ಟಿ.

ಮೊದಲ ಐದು ನಿಮಿಷ ನೆರೋಲಿಯದ್ದೇ ದರ್ಬಾರು. ಹಸಿರು, ತುಸು ಕಹಿ, ಹೊಳೆಯುವಂಥ ಪರಿಮಳ. ಬೆಳಿಗ್ಗೆ ಒಗೆದು ಬಿಸಿಲಲ್ಲಿ ಒಣಗಿಸಿದ ಬಿಳಿ ಪಂಚೆ ಮಡಚುವಾಗ ಬರುವ ಘಮ ನೆನಪಾಯಿತು. ಅಬ್ಸಲ್ಯೂಟ್ ಆಗ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಗಾಢ ಕಂದು ಬಣ್ಣ, ಮಂದ, ಜೇನಿನ ಡಬ್ಬ ಮೂಸಿದ ಹಾಗೆ. ಒಂದು ಗಂಟೆಗೆ ಆಟ ತಿರುಗಿತು. ನೆರೋಲಿ ತೆಳುವಾಗಿ ಹಿಂದೆ ಸರಿಯಿತು. ಅಬ್ಸಲ್ಯೂಟ್ ಅರಳಿತು. ಹೂವು, ಜೇನು, ಅದರಡಿಯಲ್ಲಿ ಸ್ವಲ್ಪ ಬೆವರಿನಂಥ ಬಿಸಿ. ಅಷ್ಟರಲ್ಲಿ ದ್ರಾಕ್ಷಿ ಬಬಲ್‌ಗಮ್ಮಿನ ಛಾಯೆಯೂ ಇಣುಕಿತು. ಸಂಜೆಯ ಹೊತ್ತಿಗೆ ನೆರೋಲಿ ಪಟ್ಟಿಯಲ್ಲಿ ಹುಡುಕಬೇಕಾಯಿತು. ಅಬ್ಸಲ್ಯೂಟ್ ಮರುದಿನವೂ ಇತ್ತು, ಅದರ ಮರುದಿನವೂ ಇತ್ತು. 399ರ ಪಟ್ಟಿ ಶುರುವಿನಿಂದ ಕೊನೆವರೆಗೆ ಒಂದೇ ಮಾತು ಹೇಳುತ್ತಿತ್ತು.

ದ್ರಾಕ್ಷಿ ಎಲ್ಲಿಂದ ಬಂತು ಅಂದರೆ, ಮೀಥೈಲ್ ಆಂಥ್ರನಿಲೇಟ್ ಅಂತ ಒಂದು ಅಂಶ. ದ್ರಾಕ್ಷಿ ಫ್ಲೇವರಿನ ಮಿಠಾಯಿಗೆ ಹಾಕುವುದೂ ಇದನ್ನೇ. ಬೆವರಿನಂಥ ಬಿಸಿ ಇಂಡೋಲ್‌ನದ್ದು. ಇಂಡೋಲ್ ನಮಗೆ ಹೊಸದಲ್ಲ, ಮಲ್ಲಿಗೆಯಲ್ಲೂ ಇದೆ. ರಾತ್ರಿ ಮುಡಿದು ಮಲಗಿದ ಮಲ್ಲಿಗೆಯನ್ನು ಬೆಳಿಗ್ಗೆ ತೆಗೆಯುವಾಗ ಒಂದು ಬಾಡಿದ, ಕೊಳೆತದ ಅಂಚಿನ ಘಮ ಬರುತ್ತಲ್ವಾ, ಅದೇ. ಈ ಎರಡೂ ನೆರೋಲಿಯಲ್ಲಿ ತೀರಾ ಕಡಿಮೆ, ಅಬ್ಸಲ್ಯೂಟ್‌ನಲ್ಲಿ ಜಾಸ್ತಿ. ನೆರೋಲಿಯಲ್ಲಿ ಮುಂದೆ ನಿಲ್ಲುವುದು ಲಿನಲೂಲ್, ಲಿಮೊನೀನ್‌ನಂಥ ಹಗುರ ಅಂಶಗಳು. ಅವು ಬೇಗ ಹಾರಿಹೋಗುತ್ತವೆ. ಆದ್ದರಿಂದ ನೆರೋಲಿ ನಿಲ್ಲಲಿಲ್ಲ ಅಂದರೆ ಎಣ್ಣೆ ಕಳಪೆ ಅಂತ ಅಲ್ಲ. ಅದರ ಜಾತಿಯೇ ಹಾಗೆ. ಬರೀ ಬಾಳಿಕೆ ನೋಡಿ ನೆರೋಲಿಗೆ ನಂಬರ್ ಕಡಿಮೆ ಕೊಡುವುದು ತಪ್ಪು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಪರೀಕ್ಷೆ ಆಕಸ್ಮಿಕವಾಗಿ ಸಿಕ್ಕಿತು. ತಮ್ಮನ ಅಂಗಡಿಯಲ್ಲಿ ನೋಟು ನೋಡುವ ಪುಟ್ಟ ಯುವಿ ಟಾರ್ಚ್ ಇದೆ. ಕತ್ತಲಲ್ಲಿ ನೆರೋಲಿ ಬಾಟಲಿಗೆ ಬಿಟ್ಟರೆ ಎಣ್ಣೆ ತಿಳಿ ನೀಲಿಯಾಗಿ ಹೊಳೆಯಿತು. ಆ ಹೊಳಪು ಮೀಥೈಲ್ ಆಂಥ್ರನಿಲೇಟ್‌ನದ್ದು. 399ರ ಬಾಟಲಿ ಸುಮ್ಮನೆ ಕೂತಿತ್ತು. ಆದರೆ ಇದನ್ನೇ ನಂಬಿ ದುಡ್ಡು ಕೊಡಬೇಡಿ. ಕಲಬೆರಕೆ ಮಾಡುವವರು ಪೆಟಿಗ್ರೇನ್‌ಗೆ ಲಿನಲೂಲ್ ಸೇರಿಸಿ, ಮೇಲೊಂದು ಚೂರು ಈ ಆಂಥ್ರನಿಲೇಟನ್ನೂ ಹಾಕಬಹುದು. ಆಗ ಅದೂ ಹೊಳೆಯುತ್ತದೆ. ಹೊಳೆಯದಿದ್ದರೆ ಅನುಮಾನ ಪಡಿ, ಅಷ್ಟು ಸಾಕು. ಗಟ್ಟಿ ಉತ್ತರ ಬೇಕಿದ್ದರೆ ಮಾರುವವರ ಹತ್ತಿರ ಆ ಬ್ಯಾಚಿನ ಜಿಸಿ-ಎಂಎಸ್ ವರದಿ, ಅಂದರೆ ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಅಂತ ತೋರಿಸುವ ಲ್ಯಾಬ್ ವರದಿ ಕೇಳಬೇಕು.

ಅಮ್ಮ ಆ ವಾರ ಊರಿನಿಂದ ಬಂದಿದ್ದಳು. ಯಾವುದು ಯಾವುದು ಅಂತ ಹೇಳದೆ ಪಟ್ಟಿಗಳನ್ನು ಕೈಗೆ ಕೊಟ್ಟೆ. ಪೆಟಿಗ್ರೇನ್ ಮೂಸಿದವಳೇ, “ಇದು ನಮ್ಮ ಹಿತ್ಲಿನ ಹೇರಳೆ ಎಲೆ ಉಜ್ಜಿದಂಗಿದೆ ಕಣೇ” ಅಂದಳು. ನೆರೋಲಿಗೆ, “ಇದೂ ಅದೇ, ಆದ್ರೆ ಹೂವು ಬಿಟ್ಟಿದೆ.” ಇದಕ್ಕಿಂತ ಚೆನ್ನಾಗಿ ಈ ಎರಡನ್ನೂ ಯಾರೂ ವಿವರಿಸಿದ್ದು ನಾನು ಕೇಳಿಲ್ಲ. ಅಬ್ಸಲ್ಯೂಟ್ ಕೊಟ್ಟಾಗ ಮೂಗು ಸ್ವಲ್ಪ ಹಿಂದೆ ತೆಗೆದಳು. “ಚೆನ್ನಾಗಿದೆ, ಆದ್ರೆ ಮದುವೆ ಮನೇಲಿ ಮಧ್ಯಾಹ್ನದ ಮೇಲೆ ಇರೋ ಥರ ಆಯ್ತಪ್ಪ.” ನನಗೆ ಅದೇ ಇಷ್ಟ. ಹೂವಿನ ನೀರನ್ನು ಮೂಸಿ ಮಾತ್ರ ಇಬ್ಬರೂ ಸುಮ್ಮನಾದೆವು. ಮರದ ಮೇಲಿನ ಹೂವಿಗೆ ನಾಲ್ಕರಲ್ಲಿ ಹತ್ತಿರ ಅನಿಸಿದ್ದು ಅದೇ. ನೀರಿನಲ್ಲಿ ಕರಗುವ ಹೂವಿನ ಅಂಶಗಳು ಎಣ್ಣೆಗೆ ಬರದೆ ಅಲ್ಲೇ ಉಳಿಯುತ್ತವೆ. ಮುನ್ನೂರು-ನಾನೂರು ರೂಪಾಯಿಗೆ ಸಿಗುವ ಈ ನೀರಿನಿಂದಲೇ ಶುರು ಮಾಡಿ ಅಂತ ನಾನು ಹೊಸಬರಿಗೆ ಹೇಳುವುದು. ಅಡುಗೆಗೆ ಬಳಸುವಂಥದ್ದೇ ಕೊಳ್ಳಿ. ಲೇಬಲ್‌ನಲ್ಲಿ ಬಟ್ಟಿ ಇಳಿಸಿದ ಹೂವಿನ ನೀರು ಅಂತ ಇರಬೇಕು. ಫ್ಲೇವರ್ ಬೆರೆಸಿದ ನೀರಾದರೆ ಬೇಡ.

ರೆಡಿ ಸೆಂಟುಗಳಿಗೆ ಬಂದರೆ ಲೆಕ್ಕ ಬೇರೆ. ಪೂರ್ತಿ ಬಾಟಲಿ ಕೊಳ್ಳುವ ಧೈರ್ಯ ನನಗಿರಲಿಲ್ಲ, 5 ಎಂಎಲ್ ಡಿಕ್ಯಾಂಟ್‌ಗಳನ್ನು (ದೊಡ್ಡ ಬಾಟಲಿಯಿಂದ ಸ್ವಲ್ಪ ಸ್ವಲ್ಪ ತುಂಬಿಸಿ ಮಾರುವ ಪುಟ್ಟ ಬಾಟಲಿ) ತರಿಸಿದೆ. ನೆರೋಲಿಯ ತವರು ಅಂದರೆ ಕೊಲೋನ್ ಅನ್ನುವ ಹಗುರ ಸೆಂಟು. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಫರೀನಾ ಮನೆತನ ಅಂಗಡಿ ತೆರೆದಾಗಿನಿಂದ ನಿಂಬೆ ಜಾತಿಯ ಎಣ್ಣೆಗಳ ಜೊತೆ ಇದು ಆ ಸೆಂಟಿನ ಜೀವಾಳ. ಇವತ್ತಿನ ಟಾಮ್ ಫೋರ್ಡ್ ಬ್ರಾಂಡಿನ ನೆರೋಲಿ ಪೋರ್ಟೊಫಿನೊ ಸೆಂಟು ಕೂಡ ಅದೇ ವಂಶದ್ದು. ಆರೆಂಜ್ ಬ್ಲಾಸಮ್ ಕಡೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆರ್ಜ್ ಲುಟೆನ್ಸ್ ಬ್ರಾಂಡಿನ ಫ್ಲೆರ್ ದೊರಾಂಜೆ. ಅದರಲ್ಲಿ ಸುಗಂಧರಾಜ ಇದೆ, ಜೊತೆಗೆ ಜೀರಿಗೆ ಇದೆ! ಹೂವಿನ ನಡುವೆ ಒಗ್ಗರಣೆಯ ಬಿಸಿ. ಅಮ್ಮ ಹೇಳಿದ ಮದುವೆ ಮನೆ ಇದೇ.

ಬೆಲೆಯನ್ನು ನಾನು ಬಾಟಲಿಗೆ ಇಷ್ಟು ಅಂತ ನೋಡುವುದು ಬಿಟ್ಟಿದ್ದೇನೆ. ಗಂಟೆಗೆ ಎಷ್ಟು ಅಂತ ನೋಡುತ್ತೇನೆ. 1 ಎಂಎಲ್‌ಗೆ ಸುಮಾರು 10 ಸ್ಪ್ರೇ ಬರುತ್ತದೆ. ನಾನು ತರಿಸಿದ ನೆರೋಲಿ ಕೊಲೋನ್ ಥರದ್ದು 5 ಎಂಎಲ್‌ಗೆ 900 ರೂಪಾಯಿ, ಅಂದರೆ ಸ್ಪ್ರೇಗೆ 18. ನಾಲ್ಕು ಸ್ಪ್ರೇ ಬೇಕಾಗುತ್ತಿತ್ತು, ಎರಡು ಗಂಟೆ ಇರುತ್ತಿತ್ತು. ಗಂಟೆಗೆ 36 ರೂಪಾಯಿ. ಆರೆಂಜ್ ಬ್ಲಾಸಮ್ ಓ ದ ಪರ್ಫಮ್ (ಕೊಲೋನ್‌ಗಿಂತ ಗಾಢವಾದ ಸೆಂಟು) 5 ಎಂಎಲ್‌ಗೆ 1,200, ಸ್ಪ್ರೇಗೆ 24. ಎರಡೇ ಸ್ಪ್ರೇ, ಆರು ಗಂಟೆ. ಗಂಟೆಗೆ 8 ರೂಪಾಯಿ. ನೋಡಲು ದುಬಾರಿ ಇದ್ದದ್ದು ಬಳಕೆಯಲ್ಲಿ ಅಗ್ಗವಾಯಿತು. ಹಾಗಂತ ಏಪ್ರಿಲ್ ಬಿಸಿಲಲ್ಲಿ ಬಸ್ಸಿಗೆ ಕಾಯುವಾಗ ಈ ಎರಡನೆಯದನ್ನು ಹಾಕಿಕೊಳ್ಳಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಆಗ ಆ ಎರಡು ಗಂಟೆಯ ತಂಪಿಗೆ 72 ರೂಪಾಯಿ ಕೊಟ್ಟರೂ ನನಗೆ ಬೇಸರವಿಲ್ಲ.

ಕೊನೆಗೆ ನಾನೇ ರೋಲ್-ಆನ್ ಮಾಡಿದೆ. ಮೊದಲ ಸಲ 10 ಎಂಎಲ್ ಜೊಜೊಬಾ ಎಣ್ಣೆಗೆ (ಚರ್ಮಕ್ಕೆ ಹಚ್ಚುವ, ಹೆಚ್ಚು ವಾಸನೆಯಿಲ್ಲದ ಎಣ್ಣೆ) ನೆರೋಲಿ ಒಂದನ್ನೇ 0.3 ಗ್ರಾಂ ಹಾಕಿದ್ದೆ. ಸುಮಾರು 270 ರೂಪಾಯಿಯ ಎಣ್ಣೆ. ಅರ್ಧ ಗಂಟೆಗೆ ಮಾಯ. ದುಬಾರಿ ಎಣ್ಣೆಯನ್ನು ಒಂಟಿಯಾಗಿ ಬಿಟ್ಟಿದ್ದು ನನ್ನ ತಪ್ಪು. ಎರಡನೇ ಸಲ ನೆರೋಲಿ 0.1 ಗ್ರಾಂ, ಅಬ್ಸಲ್ಯೂಟ್ 0.1, ಪೆಟಿಗ್ರೇನ್ 0.3, ಮನೆಯಲ್ಲಿದ್ದ ಶ್ರೀಗಂಧದ ಎಣ್ಣೆ 0.2. ಪೆಟಿಗ್ರೇನ್ ನೆರೋಲಿಯ ಹಸಿರನ್ನು ಅಗ್ಗದಲ್ಲಿ ಹಿಗ್ಗಿಸುತ್ತದೆ, ಅಬ್ಸಲ್ಯೂಟ್ ಹೂವನ್ನು ಹಿಡಿದಿಡುತ್ತದೆ, ಗಂಧ ಎಲ್ಲವನ್ನೂ ಚರ್ಮಕ್ಕೆ ಅಂಟಿಸುತ್ತದೆ. ಅಬ್ಸಲ್ಯೂಟನ್ನು ನೇರವಾಗಿ ಜೊಜೊಬಾಕ್ಕೆ ಹಾಕಿದಾಗ ತಳದಲ್ಲಿ ಮಡ್ಡಿ ಕೂತಿತು. ಮೊದಲು ಗಂಧದ ಎಣ್ಣೆಯಲ್ಲಿ ಕಲಸಿ, ಒಂದು ರಾತ್ರಿ ಬಿಟ್ಟು, ಆಮೇಲೆ ಸೇರಿಸಿದಾಗ ಸರಿಯಾಯಿತು. ಗಂಧ ಬಿಟ್ಟು ಉಳಿದದ್ದಕ್ಕೆ, ಜೊಜೊಬಾ ಸೇರಿ, 235 ರೂಪಾಯಿ ಬಿತ್ತು. ದಿನಾ ಹಚ್ಚಿದರೂ ಒಂದೂವರೆ ತಿಂಗಳು ಬಂತು. ಒಂದೇ ಎಚ್ಚರಿಕೆ: ಅಬ್ಸಲ್ಯೂಟ್ ಇರುವ ಎಣ್ಣೆ ಬಿಳಿ ಬಟ್ಟೆಗೆ ತಾಗಿದರೆ ಹಳದಿ ಕಲೆ ಹೋಗುವುದಿಲ್ಲ. ನನ್ನ ಒಂದು ಕುರ್ತಾದ ಕಾಲರ್ ಹೀಗೇ ಹಾಳಾಯಿತು.

ಕೊಳ್ಳುವಾಗ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ‘ಸಿಟ್ರಸ್ ಔರಾಂಟಿಯಮ್ ಅಮಾರ ಫ್ಲವರ್ ಆಯಿಲ್’ ಅಂತಿದ್ದರೆ ಹೂವಿನದ್ದು. ‘ಅಮಾರ ಲೀಫ್’ ಅಂತಿದ್ದರೆ ಪೆಟಿಗ್ರೇನ್. ‘ಡಲ್ಸಿಸ್ ಪೀಲ್’ ಅಂತಿದ್ದರೆ ಸಿಹಿ ಕಿತ್ತಳೆ ಸಿಪ್ಪೆ, ಅದಕ್ಕೆ ನೆರೋಲಿಯ ಬೆಲೆ ಕೊಡಬೇಡಿ. ನನ್ನ 399ರ ಬಾಟಲಿಯ ಹಿಂದೆ ಈ ಮೂರರಲ್ಲಿ ಒಂದೂ ಇರಲಿಲ್ಲ. ತಂದ ಮೇಲೆ ಫ್ರಿಜ್ಜಿನಲ್ಲಿ, ಕತ್ತಲಲ್ಲಿ ಇಡಿ. ಬೆಳಕು ಬಿದ್ದರೆ ತಿಳಿ ಹಳದಿ ನೆರೋಲಿ ಕೆಂಪು-ಕಂದಾಗುತ್ತದೆ, ಮೇಲಿನ ಹೊಳಪೂ ಹೋಗುತ್ತದೆ.

ಮುಂದಿನ ಬ್ಯಾಚಿಗೆ ಅಬ್ಸಲ್ಯೂಟ್ 0.15 ಗ್ರಾಂ ಮಾಡಿ, ಚಿಟಿಕೆ ಜೀರಿಗೆ ಎಣ್ಣೆ ತಾಗಿಸಿ ನೋಡಬೇಕು ಅಂತಿದ್ದೇನೆ. ಅಮ್ಮನದ್ದನ್ನು ಬೇರೆ ಮಾಡುತ್ತೇನೆ. ಅವಳಿಗೆ ನೆರೋಲಿ 0.2, ಅಬ್ಸಲ್ಯೂಟ್ ಬರೀ ಒಂದು ಹನಿ.