ರಾಂಪ್ ಬಿಟ್ಟು ಸುತ್ತುದಾರಿ ಹಿಡಿದೆ: ನನ್ನ ಅನುಭವ

ಮೂರು ಮಳೆಗಾಲ ಕಳೆದವು, ತೋಟದಲ್ಲಿ ನಾನು ಮಾಡಿದ ವೀಲ್‌ಚೇರ್ ದಾರಿ ಗಟ್ಟಿಯಾಗಿದೆ. ಇನ್ನು ಬರೆಯಬಹುದು ಅನ್ನಿಸಿತು. "ಮರಾನೂ ಉಳೀಬೇಕು, ವೀಲ್‌ಚೇರೂ ಹತ್ತಬೇಕು ಅಂದ್ರೆ ಆಗಲ್ಲ, ಒಂದನ್ನ ಬಿಡಿ" ಅಂದಿದ್ದ ಗುತ್ತಿಗೆದಾರರೇ ಮೊನ್ನೆ ಫೋನ್ ಮಾಡಿ ಅಳತೆ ಕೇಳಿದರು.

ಜಾಗ ಒಂದು ಸಾರ್ವಜನಿಕ ತೋಟ. ಕೆಳಗಿನ ಗೇಟಿನಿಂದ ಮೇಲಿನ ಸಭಾಂಗಣಕ್ಕೆ ಸುಮಾರು ಎರಡೂವರೆ ಮೀಟರ್ ಏರು, ನಡುವೆ ನಾಲ್ಕು ಹಳೆಯ ಮರ. ನನ್ನ ಮೊದಲ ನಕ್ಷೆ ಎಲ್ಲರೂ ಹಾಕುವಂಥದ್ದೇ: 1:12 ರಾಂಪ್ (12 ಮೀಟರ್ ಉದ್ದಕ್ಕೆ ಒಂದು ಮೀಟರ್ ಏರು), ಎರಡು ತಿರುವು, ಕಾಂಕ್ರೀಟ್ ತಡೆಗೋಡೆ. ಎರಡು ಮರ ಹೋಗಬೇಕಿತ್ತು. ಅಂದಾಜಿನಲ್ಲಿ ಹತ್ತಿರಹತ್ತಿರ ಅರ್ಧ ದುಡ್ಡು ಗೋಡೆಗೇ. ಆದರೂ ನಿಯಮದ ಪ್ರಕಾರ ಸರಿಯಿತ್ತು, ನಾನೂ ಸುಮ್ನಿದ್ದೆ.

ವೀಲ್‌ಚೇರ್ ಬಳಸುವ ಒಬ್ಬರನ್ನು ಅಷ್ಟೇ ಇಳಿಜಾರಿನ ಬೇರೊಂದು ರಾಂಪ್‌ಗೆ ಕರೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಚಕ್ರ ಹಿಡಿದು ನಿಂತರು. "ಹತ್ತಬಹುದು ಸರ್. ದಿನಾ ಹತ್ತಲ್ಲ" ಅಂದರು. ನಕ್ಷೆ ಅಲ್ಲಿಗೇ ಮುಗಿಯಿತು.

ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ), ಗೂಟ, ಸುಣ್ಣ ಹಿಡಿದು ನೆಲ ಹೇಳಿದಂತೆ 1:20ರಲ್ಲಿ ಗೆರೆ ಎಳೆದೆ. ಲೆಕ್ಕಕ್ಕೆ 50 ಮೀಟರ್ ಸಾಕು. ಮರಗಳನ್ನು ಸುತ್ತಿಕೊಂಡು, ನಿಲ್ಲಲು ಸಮತಟ್ಟು ಜಾಗ ಬಿಟ್ಟು 65ರ ಹತ್ತಿರ ಬಂತು. "ಇಷ್ಟು ಸುತ್ತಿ ಯಾರು ಹೋಗ್ತಾರೆ?" ಅಂತ ಜೊತೆಗಾರ ನಕ್ಕ. ಇವತ್ತು ಮೆಟ್ಟಿಲು ಖಾಲಿ, ದಾರಿ ತುಂಬಾ ಜನ. ನೆಲಕ್ಕೆ ಅಂಟಿ ಹೋಗುವ ದಾರಿಗೆ ತಡೆಗೋಡೆ ಬೇಕಾಗಲಿಲ್ಲ. ಬೇರಿನ ಮೇಲೆ ಅಗೆಯಲೇ ಇಲ್ಲ. ನೀರು ಹೀರುವ ಬೇರು ಬಹುಪಾಲು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತದೆ ಅಲ್ವಾ? ಅದಕ್ಕೇ ಯಂತ್ರ ಒಳಗೆ ಬಿಡಲಿಲ್ಲ. ಬ್ಲಾಕ್‌ಗಳ ಅಡಿಯ ಜಲ್ಲಿಕಲ್ಲಿನ ಹಾಸನ್ನು ನೆಲದ ಮೇಲೇ ಕೂರಿಸಿದೆ. ಹಾಸಿನ ಕೆಳಗೆ ಏನು ಹಾಕಿದೆ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಸೋತಿದ್ದು ಬ್ಲಾಕ್‌ನಲ್ಲಿ. ನೀರು ಇಂಗುವ ಬ್ಲಾಕ್‌ಗಳನ್ನು ಮೊದಲು 15 ಮೀಟರ್ ಹಾಕಿ ನೋಡಿದೆ. ಎರಡನೇ ದೊಡ್ಡ ಮಳೆಗೆ ಮೇಲಿನ ಇಳಿಜಾರಿನ ಮಣ್ಣು ಬಂದು ಸಂದುಗಳಲ್ಲಿ ಕೂತಿತು. ನೀರು ನಿಂತಿತು. ಒತ್ತಡದ ನೀರಲ್ಲಿ ತೊಳೆಸಿದೆ, ಮತ್ತೆ ತುಂಬಿತು. ಕೊನೆಗೆ ಕಿತ್ತು ಮತ್ತೆ ಹಾಸಿದೆ. ಒಟ್ಟು ಖರ್ಚಿನ ಹತ್ತನೇ ಒಂದು ಪಾಲು ಹಾಗೇ ಹೋಯಿತು. ತಪ್ಪು ಬ್ಲಾಕಿನದಲ್ಲ, ನನ್ನದು. ಮೇಲ್ಬದಿಗೆ ಹುಲ್ಲಿನ ತಗ್ಗು ಕಾಲುವೆ ಮೊದಲು ಮಾಡಬೇಕಿತ್ತು. ಈಗ ಹೂಳೆಲ್ಲ ಅಲ್ಲೇ ನಿಲ್ಲುತ್ತದೆ. ದಾರಿಯೂ 1:50ರಷ್ಟು ಆ ಕಡೆಗೇ ವಾಲಿದೆ. ಕಾಲುವೆಯಲ್ಲಿ ಇಂಗಿದ ನೀರು ಹಾಸಿನ ಅಡಿಯಿಂದ ಕೆಳಗಿನ ಮರಗಳಿಗೆ ಹೋಗುತ್ತದೆ. ದಾರಿಯನ್ನು 1:50ಕ್ಕಿಂತ ಜಾಸ್ತಿ ವಾಲಿಸಬೇಡಿ. ವೀಲ್‌ಚೇರ್ ಪಕ್ಕಕ್ಕೆ ಎಳೆಯುತ್ತದೆ, ಒಂದೇ ಕೈ ಸೋಲುತ್ತದೆ.

ಚರಂಡಿ ಜಾಲರಿಯಲ್ಲೂ ಎಡವಿದೆ. ಸಂದು ನಡೆಯುವ ದಿಕ್ಕಿಗೇ ಇತ್ತು, ಎರಡು ಬೆರಳಗಲ. ಮುಂದಿನ ಪುಟ್ಟ ಚಕ್ರ ಇಳಿದು ಸಿಕ್ಕಿಕೊಂಡಿತು, ಕೂತವರು ಮುಂದಕ್ಕೆ ವಾಲಿದರು. ಎದೆ ಝಲ್ ಅಂದಿತು. ಅವತ್ತೇ ಜಾಲರಿ ಬದಲಾಯಿತು: ಸಂದು 13 ಮಿಲಿಮೀಟರ್ ಒಳಗೆ, ದಾರಿಗೆ ಅಡ್ಡಲಾಗಿ.

ಬಿಳಿ ಕೋಲಿನವರಿಗೆ ದಾರಿಯ ಅಂಚು ತಿಳಿಯಲೆಂದು ಹತ್ತು ಸೆಂಟಿಮೀಟರ್ ಕಟ್ಟೆ ಕಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಕಟ್ಟೆಯುದ್ದಕ್ಕೂ ಕಪ್ಪೆಮರಿಗಳು ಒಣಗಿ ಬಿದ್ದಿದ್ದವು. ದಾಟಲು ಆಗಿರಲಿಲ್ಲ. ಎರಡು ಮೀಟರ್‌ಗೊಂದು ಗೇಣಗಲ ಕಿಂಡಿ ಬಿಟ್ಟೆ. ಕೋಲು ಹಿಡಿದವರೊಬ್ಬರನ್ನು ನಡೆಸಿ ನೋಡಿದೆ. ಕಿಂಡಿ ಸಿಕ್ಕಾಗ ಅವರ ಕೋಲು ಟಕ್ ಅಂತ ಮುಂದಿನ ಕಟ್ಟೆಗೆ ತಾಗಿತು. "ಎಷ್ಟು ಕಿಂಡಿ ದಾಟಿದೆ ಅಂತ ಎಣಿಸಬಹುದಲ್ಲ!" ಅಂದರು. ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಮಳೆನೀರೂ ಅದೇ ಕಿಂಡಿಯಿಂದ ಕಾಲುವೆಗೆ ಇಳಿಯುತ್ತದೆ.

ದೀಪದ ಕಥೆ ಬೇರೆ. ಎತ್ತರದ ಕಂಬದ ಬಿಳಿ ದೀಪಕ್ಕೆ ಹುಳ ರಾಶಿ ಬೀಳುತ್ತಿತ್ತು. ಕಂಬ ತೆಗೆದು ಮಂಡಿಯೆತ್ತರಕ್ಕೆ ಹಳದಿ ದೀಪ ಇಟ್ಟೆ. ಹುಳ ಕಡಿಮೆಯಾಯಿತು, ಕಣ್ಣು ಮಂದ ಇರುವವರಿಗೂ ನೆಲ ಚೆನ್ನಾಗಿ ಕಂಡಿತು. ಆದರೆ ವೀಲ್‌ಚೇರಿನಲ್ಲಿ ಕೂತವರ ಕಣ್ಣಿಗೆ ನೇರ ಹೊಡೆಯತೊಡಗಿತು. ಪ್ರತಿ ದೀಪಕ್ಕೂ ಟೋಪಿ ಹಾಕಿಸಿದೆ.

ಈ ವ್ಯರ್ಥ ಎಲ್ಲ ಸೇರಿಸಿದರೂ ಮೊದಲ ಅಂದಾಜಿಗಿಂತ ಕಾಲು ಭಾಗ ಕಡಿಮೆಯಲ್ಲೇ ಮುಗಿಯಿತು. ವರ್ಷಕ್ಕೆರಡು ಸಲ ಹೂಳೆತ್ತುವ ಖರ್ಚು ಬೇರೆ, ಅದನ್ನು ಮೊದಲೇ ತೆಗೆದಿಡಿಸಿದ್ದೆ. ಈ ವರ್ಷ ಒಂದು ಬೇರು ನಾಲ್ಕು ಬ್ಲಾಕ್ ಮೇಲೆತ್ತಿತ್ತು. ತೆಗೆದು, ಅಡಿಯ ಜಲ್ಲಿ ಸ್ವಲ್ಪ ಕೆರೆದು, ಮತ್ತೆ ಕೂರಿಸಿದೆವು. ಇಬ್ಬರಿಗೆ ಅರ್ಧ ಗಂಟೆ ಕೆಲಸ.